ತುಂಗಭದ್ರೆಯ ಮೀನುಗಳಿಗೂ ದನಿಯಿದೆ

ಈ ಸದ್ದನ್ನು ಒಮ್ಮೆ ಗಮನವಿಟ್ಟು ಕೇಳಿ. ಕಿರ್ರ್, ಕಿರ್ರ್ ಎನ್ನುತ್ತಿರುವುದು ಹರಿಗೋಲಿನ ಬಿದಿರಲ್ಲ. ಬಲೆಗೆ ಸಿಕ್ಕಿರುವ ಈ ಪುಟ್ಟ ಗಿರ್ಲು ಮೀನು.

ನಾವಿರುವುದು ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಬಳಿ, ತುಂಗಭದ್ರೆಯ ಎಡದಂಡೆಯಲ್ಲಿ. ಬಲೆ ಬಿಡಿಸುತ್ತಿರುವ ಹಿರಿಯರು ನನ್ನ ಕೈಯನ್ನು ಹಿಂದಕ್ಕೆ ಸರಿಸಿ, "ಮುಳ್ಳು ಬಿಚ್ಚಿದೆ, ಮುಟ್ಟಬೇಡಿ" ಎಂದರು. ಸದ್ದಿನ ಗುಟ್ಟೂ ಆ ಮುಳ್ಳಿನಲ್ಲೇ ಇದೆ. ಗಿರ್ಲಿನ ಎದೆಯ ಎರಡೂ ಪಕ್ಕದ ರೆಕ್ಕೆಗಳಲ್ಲಿ ಒಂದೊಂದು ಗಟ್ಟಿ ಮುಳ್ಳಿದೆ. ಅದರ ಬುಡದಲ್ಲಿ ಸಾಲು ಸಾಲಾಗಿ ಸಣ್ಣ ಏಣುಗಳಿವೆ. ಮೀನು ಮುಳ್ಳನ್ನು ತಿರುಗಿಸಿದಾಗ ಆ ಏಣುಗಳು ಭುಜದ ಎಲುಬಿನ ಗುಳಿಗೆ ಉಜ್ಜುತ್ತವೆ. ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆದಂತೆ ಸದ್ದು ಹುಟ್ಟುತ್ತದೆ. ಬಿಚ್ಚಿದ ಮುಳ್ಳು ಅಲ್ಲಿಯೇ ಬಿಗಿದು ನಿಲ್ಲುತ್ತದೆ, ನುಂಗಲು ಬಂದವರ ಗಂಟಲಿಗೆ ಚುಚ್ಚುತ್ತದೆ. ಹಾಗಾಗಿ ಈ ಕಿರುಗುಟ್ಟುವಿಕೆ ಒಂದು ಎಚ್ಚರಿಕೆ ಎಂಬುದು ವಿಜ್ಞಾನಿಗಳ ಎಣಿಕೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಮೀನುಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿಸ್ ಡೇ ಎಂಬ ವೈದ್ಯರು ಗಿರ್ಲಿನ ಜಾತಿಯ ಒಂದು ಮೀನನ್ನು ಒದ್ದೆ ನೆಲದ ಮೇಲೆ ಮುಟ್ಟಿ ನೋಡಿದ್ದರು. ಅದು ಸಿಟ್ಟಿಗೆದ್ದು ಬೆನ್ನಿನ ರೆಕ್ಕೆ ನಿಮಿರಿಸಿ ಜೇನುನೊಣದಂತೆ ಗುಂಯ್‌ಗುಟ್ಟಿತು ಎಂದು ಬರೆದಿಟ್ಟಿದ್ದಾರೆ. ಮೈಸೂರು ಸೀಮೆಯಲ್ಲಿ ಅದನ್ನು ಪಿಟೀಲುಗಾರ ಎನ್ನುತ್ತಿದ್ದರಂತೆ. ನನಗೆ ಆ ಹೆಸರು ಬಹಳ ಹಿಡಿಸಿದೆ.

ಇನ್ನು ಕೆಲವು ಮೀನುಗಳು ಸದ್ದು ಮಾಡುವುದು ಹೊಟ್ಟೆಯೊಳಗಿನ ಗಾಳಿಚೀಲದಿಂದ. ನೀರಿನಲ್ಲಿ ಮುಳುಗದೆ, ತೇಲದೆ ನಿಲ್ಲಲು ನೆರವಾಗುವ ಚೀಲ ಅದು. ಅಟ್ಲಾಂಟಿಕ್ ಕರಾವಳಿಯ ಟೋಡ್‌ಫಿಶ್ ಆ ಚೀಲಕ್ಕೆ ಅಂಟಿದ ಸ್ನಾಯುಗಳನ್ನು ಸೆಕೆಂಡಿಗೆ ಸುಮಾರು 200 ಬಾರಿ ಕುಗ್ಗಿಸಬಲ್ಲದು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಚುರುಕಾದ ಸ್ನಾಯು ಸಿಗುವುದು ಅಪರೂಪ. ಗಂಡು ಗೂಡಿನಲ್ಲಿ ಕುಳಿತು ಹೀಗೆ ಹಾಡಿ ಹೆಣ್ಣನ್ನು ಕರೆಯುತ್ತದೆ. ಮ್ಯಾನ್ಮಾರಿನ ಹೊಳೆಗಳಲ್ಲಿ ಡ್ಯಾನಿಯೊನೆಲ್ಲಾ ಸೆರೆಬ್ರಮ್ ಎಂಬ ಮೀನಿದೆ. ಉದ್ದ ಕೇವಲ 12 ಮಿಲಿಮೀಟರ್. ಅದರ ಗಂಡು ಗಾಳಿಚೀಲಕ್ಕೆ ಒಂದು ಮೃದ್ವಸ್ಥಿಯನ್ನು ಬಡಿದು, ಪಕ್ಕದಲ್ಲೇ ಅಳೆದರೆ 140 ಡೆಸಿಬೆಲ್ ದಾಟುವ ಸದ್ದು ಹೊರಡಿಸುತ್ತದೆ ಎಂದು 2024ರಲ್ಲಿ ಗೊತ್ತಾಯಿತು. ಉಗುರಿನಷ್ಟು ಮೀನು, ಯೋಚಿಸಿ!

ಇಷ್ಟೆಲ್ಲ ಗದ್ದಲವಿದ್ದರೂ ದಡದಲ್ಲಿ ನಿಂತ ನಮಗೆ ಅದು ಕೇಳಿಸುವುದಿಲ್ಲ. ನೀರಿನೊಳಗಿನ ಸದ್ದು ಮೇಲ್ಮೈಯನ್ನು ಮುಟ್ಟಿ ಬಹುಪಾಲು ಒಳಕ್ಕೇ ಮರಳುತ್ತದೆ. ಒಳಗೆ ಮಾತ್ರ ಅದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ವೇಗ. ಕಲಕು ನೀರಿನಲ್ಲಿ, ಕತ್ತಲಲ್ಲಿ ಕಣ್ಣಿಗಿಂತ ಕಿವಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತು. ಗಿರ್ಲು, ಕಾಟ್ಲಾ, ರೋಹು ಇವಕ್ಕೆಲ್ಲ ಗಾಳಿಚೀಲದಿಂದ ಒಳಕಿವಿಯವರೆಗೆ ಪುಟ್ಟ ಮೂಳೆಗಳ ಸರಪಳಿಯೊಂದಿದೆ. ವೇಬರ್ ಮೂಳೆಗಳು ಎನ್ನುತ್ತಾರೆ. ಸದ್ದಿಗೆ ಚೀಲ ಕಂಪಿಸುತ್ತದೆ, ಆ ಕಂಪನವನ್ನು ಮೂಳೆಗಳು ಕಿವಿಗೆ ಒಯ್ಯುತ್ತವೆ. ಅಂದರೆ ಈ ಮೀನುಗಳು ಕೇಳುವುದಕ್ಕೂ ಗಾಳಿಚೀಲ ಬೇಕು.

ನದಿಗೆ ಸಿಡಿಮದ್ದು ಎಸೆದು ಮೀನು ಹಿಡಿಯುವವರು ಒಡೆಯುವುದು ಅದನ್ನೇ. ಮೀನಿನ ಮಾಂಸದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಹಾಗಾಗಿ ಒತ್ತಡದ ಅಲೆ ಅದನ್ನು ಹಾಯ್ದು ಹೋಗುತ್ತದೆ. ಗಾಳಿ ತುಂಬಿದ ಚೀಲ ಮಾತ್ರ ಆ ಹೊಡೆತಕ್ಕೆ ಹಠಾತ್ತನೆ ಕುಗ್ಗಿ, ಹಿಗ್ಗಿ, ಹರಿಯುತ್ತದೆ. ಸತ್ತ ಮೀನುಗಳೆಲ್ಲ ತೇಲುವುದೂ ಇಲ್ಲ. ಎಷ್ಟೋ ತಳಕ್ಕೆ ಹೋಗಿ ಕೊಳೆಯುತ್ತವೆ, ಮರಿಗಳೂ ಜೊತೆಗೆ. ಬಲೆ ಬೀಸಿ ಬದುಕುವ ಈ ಹಿರಿಯರಂಥವರ ನಾಳಿನ ದುಡಿಮೆಯೂ ಅಲ್ಲಿಗೆ ಮುಗಿಯುತ್ತದೆ. ಇದನ್ನು ನೋಡಿ ಸುಮ್ಮನಿರಲು ನನ್ನಿಂದಾಗುವುದಿಲ್ಲ.

ಸಿಡಿಮದ್ದಿನಿಂದ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಅದೂ ಅಲ್ಲದೆ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ನೀರುನಾಯಿಯ ಊಟವೂ ಮೀನೇ. ಗಂಗಾವತಿ, ಕಂಪ್ಲಿ, ಹೊಸಪೇಟೆ ಕಡೆಯಿಂದ ಈ ವಿಡಿಯೋ ನೋಡುತ್ತಿರುವವರೇ, ಹೊಳೆಯ ಕಡೆ ಸಿಡಿತದ ಸದ್ದು ಕೇಳಿದರೆ ಜಾಗ ಮತ್ತು ಹೊತ್ತನ್ನು ಗುರುತು ಹಾಕಿಕೊಂಡು ಅಂದೇ ಅರಣ್ಯ ಇಲಾಖೆಗೆ ತಿಳಿಸಿ.