ಲಾರಾ ಪಾಮರ್ ಕಥೆ ಎಲ್ಲಿ ಮುಗಿಯಬೇಕಿತ್ತು? ‘ಟ್ವಿನ್ ಪೀಕ್ಸ್’ನ ಐದು ಕೊನೆಗಳು

[ಪರದೆಯ ಮೇಲೆ: ಮಂಜು ಕವಿದ ಕಾಡು, ಮರದ ಮಿಲ್]

ನಮಸ್ಕಾರ. ಒಂದು ಸೀರಿಯಲ್ ಟಿವಿಯಲ್ಲಿ ಶುರುವಾಗುವ ಮೊದಲೇ ಅದರ ಕೊನೆ ಶೂಟ್ ಆಗಿತ್ತು ಅಂದರೆ ನಂಬುತ್ತೀರಾ? ‘ಟ್ವಿನ್ ಪೀಕ್ಸ್’ ವಿಷಯದಲ್ಲಿ ಇದು ನಿಜ. ಆಮೇಲೆ ಇನ್ನೂ ನಾಲ್ಕು ಕಡೆ ಅದು ಮುಗಿಯಿತು, ಇಲ್ಲವೇ ಮುಗಿಯಬಹುದಿತ್ತು. ಇದರಲ್ಲಿ ಯಾವುದು ಸರಿ ಅಂತ ಅಭಿಮಾನಿಗಳ ಜಗಳ ಇನ್ನೂ ನಿಂತಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಈ ವಿಡಿಯೋದಲ್ಲಿ ಕೊಲೆಗಾರನ ಹೆಸರು ಬರುತ್ತದೆ. ನೋಡಿಲ್ಲದವರು ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

1990ರ ಏಪ್ರಿಲ್ 8. ಅಮೆರಿಕದ ಎಬಿಸಿ ಚಾನೆಲ್. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಸೇರಿ ಮಾಡಿದ ಸೀರಿಯಲ್‌ನ ಮೊದಲ ಕಂತು. ವಾಷಿಂಗ್ಟನ್ ರಾಜ್ಯದ ಒಂದು ಕಾಲ್ಪನಿಕ ಊರು. ಬೆಳಗ್ಗೆ ಮೀನು ಹಿಡಿಯಲು ಹೊರಟ ಪೀಟ್ ಮಾರ್ಟೆಲ್‌ಗೆ ದಡದಲ್ಲಿ ಪ್ಲಾಸ್ಟಿಕ್ ಸುತ್ತಿದ ಹೆಣ ಸಿಗುತ್ತದೆ. ಹೈಸ್ಕೂಲ್ ಹುಡುಗಿ ಲಾರಾ ಪಾಮರ್. ತನಿಖೆಗೆ ಬರುವವನು ಎಫ್‌ಬಿಐನ ಡೇಲ್ ಕೂಪರ್, ಕಾಫಿ ಅಂದರೆ ಪ್ರಾಣ ಬಿಡುವ ಮನುಷ್ಯ. ಆ ರಾತ್ರಿ 3 ಕೋಟಿಗೂ ಹೆಚ್ಚು ಜನ ಟಿವಿ ಮುಂದೆ ಕೂತಿದ್ದರು.

[ಪರದೆಯ ಮೇಲೆ: ಹಳೆಯ ವಿಡಿಯೋ ಕ್ಯಾಸೆಟ್]

ಈಗ ಆ ಮೊದಲ ಕೊನೆ. ಪೈಲಟ್ ಕಂತನ್ನು, ಅಂದರೆ ಆ ಮೊದಲ ಕಂತನ್ನು, ಯೂರೋಪಿನಲ್ಲಿ ಸಿನಿಮಾ ಥರ ಕ್ಯಾಸೆಟ್‌ನಲ್ಲಿ ಮಾರಬೇಕಿತ್ತು. ಸಿನಿಮಾ ಅಂದಮೇಲೆ ಕಥೆ ಮುಗಿಯಬೇಕಲ್ವಾ? ಅದಕ್ಕೇ ಕೊನೆಗೊಂದು ತುಂಡು ಸೇರಿಸಿದರು. ಬಾಬ್ ಅನ್ನೋ ಉದ್ದ ಕೂದಲಿನವನು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಿಕ್ಕಿಬೀಳುತ್ತಾನೆ, ಸಾಯುತ್ತಾನೆ. ಸುಮ್ನೆ ಒಪ್ಪಂದಕ್ಕಾಗಿ ಮಾಡಿದ ಕೆಲಸ. ಆದರೆ ಅದೇ ತುಂಡಿನಲ್ಲಿ ಕೆಂಪು ಪರದೆಗಳ ಕೋಣೆ ಇತ್ತು, ಕುಣಿಯುವ ಕುಳ್ಳ ಮನುಷ್ಯ ಇದ್ದ, ಮುದುಕನಾದ ಕೂಪರ್‌ನ ಕಿವಿಯಲ್ಲಿ ಲಾರಾ ಏನೋ ಪಿಸುಗುಟ್ಟುತ್ತಿದ್ದಳು. ಲಿಂಚ್ ಅದನ್ನು ಎತ್ತಿ ಮೂರನೇ ಕಂತಿನಲ್ಲಿ ಕೂಪರ್‌ನ ಕನಸಾಗಿ ಇಟ್ಟರು. ಈ ಸೀರಿಯಲ್ ಅಂದರೆ ಇವತ್ತಿಗೂ ಜನರಿಗೆ ಮೊದಲು ನೆನಪಾಗುವ ದೃಶ್ಯ ಅದೇ.

ಇದನ್ನೇ ನಿಜವಾದ ಕೊನೆ ಅನ್ನುವವರು ಕಡಿಮೆ. ಜಗಳ ಜೋರಾಗುವುದು ಎರಡನೆಯದರ ಬಗ್ಗೆ.

ಕೊಲೆಗಾರ ಯಾರು ಅಂತ ಬೇಗ ಹೇಳುವ ಆಸೆ ಲಿಂಚ್‌ಗೆ ಇರಲೇ ಇಲ್ಲ. ಆ ಪ್ರಶ್ನೆ ಚಿನ್ನದ ಮೊಟ್ಟೆ ಇಡುವ ಕೋಳಿ, ಚಾನೆಲ್‌ನವರು ಅದನ್ನು ಕೊಲ್ಲಿಸಿದರು ಅಂತ ಆಮೇಲೆ ಎಷ್ಟೋ ಸಲ ಹೇಳಿಕೊಂಡರು. ಚಾನೆಲ್‌ನ ಒತ್ತಡ ಜಾಸ್ತಿಯಾಯಿತು. 1990ರ ನವೆಂಬರ್ 10ರಂದು, ಎರಡನೇ ಸೀಸನ್‌ನ 7ನೇ ಕಂತಿನಲ್ಲಿ, ಲಾರಾಳ ಅಪ್ಪ ಲೀಲ್ಯಾಂಡ್ ಕನ್ನಡಿ ಮುಂದೆ ನಿಂತು ಟೈ ಸರಿ ಮಾಡಿಕೊಳ್ಳುತ್ತಾನೆ. ಕನ್ನಡಿಯಲ್ಲಿ ಕಾಣುವುದು ಬಾಬ್‌ನ ಮುಖ. ಸೀರಿಯಲ್‌ನಲ್ಲಿ ಬಾಬ್ ಅಂದರೆ ಮನುಷ್ಯರ ಮೈಮೇಲೆ ಬರುವ ದುಷ್ಟ ಶಕ್ತಿ. 9ನೇ ಕಂತಿನಲ್ಲಿ ಲೀಲ್ಯಾಂಡ್ ಪೊಲೀಸ್ ಸೆಲ್‌ನಲ್ಲಿ ಕೂಪರ್‌ನ ತೊಡೆಯ ಮೇಲೆ ಪ್ರಾಣ ಬಿಡುತ್ತಾನೆ. ಮೇಲಿಂದ ಸ್ಪ್ರಿಂಕ್ಲರ್‌ನ ನೀರು ಸುರಿಯುತ್ತಿರುತ್ತದೆ. ನಟ ರೇ ವೈಸ್ ಅಳಿಸಿಬಿಡುತ್ತಾರೆ.

“ಇಲ್ಲಿಗೇ ಮುಗಿಸಬೇಕಿತ್ತು” ಅನ್ನುವ ಗುಂಪು ದೊಡ್ಡದು. ಅವರ ವಾದ ಅರ್ಥವಾಗಬೇಕಾದರೆ ಮುಂದಿನ ಕಂತು ಹಾಕಿ ನೋಡಿ. ಲೀಲ್ಯಾಂಡ್ ಸತ್ತು ಮೂರು ದಿನ. ಪಾಮರ್ ಮನೆಯಲ್ಲಿ ಊರವರೆಲ್ಲ ಸೇರಿದ್ದಾರೆ. ಇದೇ ಮನೆಯಲ್ಲಿ ಅಪ್ಪನೇ ಮಗಳನ್ನು ಹಾಳುಮಾಡಿದ್ದು. ಜನ ಏನು ಮಾಡುತ್ತಿದ್ದಾರೆ? ತಟ್ಟೆ ತುಂಬ ತಿನ್ನುತ್ತಿದ್ದಾರೆ. ಊರಿನ ಮೇಯರ್ ಮತ್ತು ಅವನ ತಮ್ಮ ಕಿತ್ತಾಡುತ್ತಿದ್ದಾರೆ, ಉಳಿದವರು ನಗುತ್ತಿದ್ದಾರೆ. ಇದು ನನಗೆ ಇಡೀ ಸೀರಿಯಲ್‌ನಲ್ಲೇ ಅತಿ ಕೆಟ್ಟ ದೃಶ್ಯ. ಆಮೇಲಿನದಂತೂ ಬಿಡಿ. ನಡುವಯಸ್ಸಿನ ನಾಡೀನ್ ತನ್ನನ್ನು ಹೈಸ್ಕೂಲ್ ಹುಡುಗಿ ಅಂದುಕೊಂಡು ಕುಸ್ತಿ ತಂಡಕ್ಕೆ ಸೇರುತ್ತಾಳೆ. ಲಾರಾಳ ಗೆಳೆಯ ಜೇಮ್ಸ್ ಬೈಕ್ ಹತ್ತಿ ಬೇರೆ ಯಾವುದೋ ಕಥೆಗೇ ಹೊರಟುಹೋಗುತ್ತಾನೆ.

ಆದರೂ ನಾನು ಆ ಗುಂಪಿನಲ್ಲಿಲ್ಲ. ಉತ್ತರ ಕೊಟ್ಟಿದ್ದು ತಪ್ಪಲ್ಲ. ಉತ್ತರ ಸಿಕ್ಕ ಮೇಲೆ ಆ ನೋವನ್ನು ಬಿಟ್ಟು ಓಡಿದ್ದು ತಪ್ಪು.

[ಪರದೆಯ ಮೇಲೆ: ಒಡೆದ ಕನ್ನಡಿ]

ನೋಡುವವರು ಕಡಿಮೆಯಾದರು. ಅಷ್ಟರಲ್ಲಾಗಲೇ ಸೀರಿಯಲ್ಲನ್ನು ಶನಿವಾರ ರಾತ್ರಿಗೆ ತಳ್ಳಿದ್ದರು, ಆಮೇಲೆ ನಡುವೆ ನಿಲ್ಲಿಸಿಯೂ ಬಿಟ್ಟರು. ಅಭಿಮಾನಿಗಳು ಪತ್ರ ಬರೆದು ಗಲಾಟೆ ಮಾಡಿದ ಮೇಲೆ ಉಳಿದ ಕಂತುಗಳು ಬಂದವು. 1991ರ ಜೂನ್ 10ಕ್ಕೆ ಕೊನೆಯದು. ಅದನ್ನು ನಿರ್ದೇಶಿಸಲು ಲಿಂಚ್ ತಾವೇ ವಾಪಸ್ ಬಂದರು. ಕೂಪರ್ ಹಲ್ಲುಜ್ಜಲು ಹೋಗುತ್ತಾನೆ, ಪೇಸ್ಟನ್ನೆಲ್ಲ ಸಿಂಕ್‌ಗೆ ಹಿಂಡುತ್ತಾನೆ, ತಲೆಯನ್ನು ಕನ್ನಡಿಗೆ ಗುದ್ದುತ್ತಾನೆ. ಒಡೆದ ಕನ್ನಡಿಯಲ್ಲಿ ಬಾಬ್. “ಆನಿ ಹೇಗಿದ್ದಾಳೆ?” ಅಂತ ಕೂಪರ್ ತನ್ನ ಪ್ರೇಯಸಿಯ ಹೆಸರು ಹಿಡಿದು ಅಣಕಿಸಿ ನಗುತ್ತಾನೆ. ಮುಗೀತು. ಒಳ್ಳೆಯವನೇ ಒಳಗಿಂದ ಕೆಟ್ಟುಹೋದ. 26 ವರ್ಷ ಜನ ಇದನ್ನೇ ಕೊನೆ ಅಂದುಕೊಂಡು ಬದುಕಿದರು. ನಡುವೆ 1992ರಲ್ಲಿ ಒಂದು ಸಿನಿಮಾ ಬಂತು ನಿಜ, ಆದರೆ ಅದು ಹೇಳಿದ್ದು ಲಾರಾಳ ಕೊನೆಯ ದಿನಗಳನ್ನು, ಮುಂದಿನ ಕಥೆಯನ್ನಲ್ಲ.

2017ರಲ್ಲಿ ಶೋಟೈಮ್ ಚಾನೆಲ್‌ನಲ್ಲಿ 18 ಹೊಸ ಭಾಗಗಳು ಬಂದವು. ಕೊನೆಯ ಎರಡು ಸೆಪ್ಟೆಂಬರ್ 3ರಂದು ಒಂದೇ ರಾತ್ರಿ. ಈಗಿನ ಜಗಳ ಇರುವುದು ಈ ಎರಡರ ನಡುವೆ.

17ನೇ ಭಾಗದಲ್ಲಿ ಬಾಬ್ ಚೂರುಚೂರಾಗುತ್ತಾನೆ. ಕೂಪರ್ ಕಾಲದಲ್ಲಿ ಹಿಂದಕ್ಕೆ ಹೋಗಿ, ಲಾರಾ ಸಾಯುವ ರಾತ್ರಿ ಅವಳ ಕೈ ಹಿಡಿದು ಕಾಡಿನಿಂದ ಕರೆದುಕೊಂಡು ಹೊರಡುತ್ತಾನೆ. ಆಗ 1990ರ ಅದೇ ದೃಶ್ಯ ಮತ್ತೆ ಬರುತ್ತದೆ. ದಡದಲ್ಲಿದ್ದ ಹೆಣ ಮಾಯ. ಪೀಟ್ ಗಾಳ ಹಿಡಿದು ಹೋಗಿ ಆರಾಮಾಗಿ ಮೀನು ಹಿಡಿಯುತ್ತಾ ಕೂರುತ್ತಾನೆ. ಪೀಟ್ ಪಾತ್ರದ ಜ್ಯಾಕ್ ನ್ಯಾನ್ಸ್ 1996ರಲ್ಲೇ ತೀರಿಕೊಂಡಿದ್ದರು, ಹಾಗಾಗಿ ಹಳೆಯ ಚಿತ್ರಿಕೆಯನ್ನೇ ಬಳಸಿದ್ದಾರೆ. ಅದನ್ನು ನೋಡಿದಾಗ ಯಾರಿಗೆ ತಾನೇ “ಸಾಕು, ಇಲ್ಲಿಗೆ ನಿಲ್ಲಿಸಿ” ಅನ್ನಿಸುವುದಿಲ್ಲ?

ಆದರೆ ಸ್ವಲ್ಪ ಯೋಚನೆ ಮಾಡಿ. ಹೆಣವೇ ಸಿಗಲಿಲ್ಲ ಅಂದರೆ ಕೂಪರ್ ಆ ಊರಿಗೆ ಬರುವುದೇ ಇಲ್ಲ. ಲಾರಾ ಮನೆಯಲ್ಲಿ ಅನುಭವಿಸಿದ್ದಂತೂ ಆ ರಾತ್ರಿಗಿಂತ ಮೊದಲೇ ಆಗಿಹೋಗಿದೆ. ಕೈ ಹಿಡಿದು ಕರೆದುಕೊಂಡು ಹೋದರೆ ಅದು ಅಳಿಸುತ್ತದಾ? 18ನೇ ಭಾಗ ಹಿಡಿಯುವುದು ಇದನ್ನೇ. ಟೆಕ್ಸಸ್‌ನ ಒಡೆಸ್ಸಾದಲ್ಲಿ ಲಾರಾಳ ಮುಖದ ಒಬ್ಬ ಹೆಂಗಸು, ಹೆಸರು ಕ್ಯಾರಿ ಪೇಜ್. ಕೂಪರ್ ಅವಳನ್ನು ರಾತ್ರಿಯಿಡೀ ಕಾರಿನಲ್ಲಿ ಕರೆದುಕೊಂಡು ಪಾಮರ್ ಮನೆಗೆ ಬರುತ್ತಾನೆ. ಬಾಗಿಲು ತೆರೆದವಳು ಬೇರೆ ಯಾರೋ. ಅಂದಹಾಗೆ, ಆ ಪಾತ್ರ ಮಾಡಿದ್ದು ಶೂಟಿಂಗ್ ನಡೆದ ಮನೆಯ ನಿಜವಾದ ಒಡತಿಯೇ! ಬೀದಿಗಿಳಿದ ಕೂಪರ್ ಗಲಿಬಿಲಿಯಾಗಿ ಕೇಳುತ್ತಾನೆ, “ಇದು ಯಾವ ವರ್ಷ?” ಒಳಗಿಂದ ಲಾರಾಳ ಅಮ್ಮ “ಲಾರಾ” ಅಂತ ಕೂಗಿದ್ದು ಸಣ್ಣಗೆ ಕೇಳಿಸುತ್ತದೆ. ಕ್ಯಾರಿ ಕಿರುಚುತ್ತಾಳೆ, ಮನೆಯ ದೀಪಗಳೆಲ್ಲ ಆರುತ್ತವೆ.

ನನ್ನ ಮತ ಇದಕ್ಕೇ. ಎರಡನೇ ಸೀಸನ್ ಬಿಟ್ಟು ಓಡಿದ ನೋವನ್ನು ಇದು ವಾಪಸ್ ಅದೇ ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತದೆ. 17ಕ್ಕೇ ನಿಲ್ಲಿಸಿದ್ದರೆ ಅದು ಎರಡನೇ ಸಲ ಓಡಿಹೋದಂತೆ.

ಹೊಸದಾಗಿ ನೋಡುವವರಿಗೆ ಒಂದು ಮಾತು. ಲೀಲ್ಯಾಂಡ್ ಸತ್ತ ಮೇಲೆ ಬೇಜಾರಾದರೆ ಕೆಲವು ಕಂತುಗಳನ್ನು ಓಡಿಸಿ, ಪಾಪ ಬರುವುದಿಲ್ಲ. ಆದರೆ 1991ರ ಕೊನೆಯ ಕಂತು ಮತ್ತು 1992ರ ಸಿನಿಮಾ ತಪ್ಪಿಸಬೇಡಿ. ಅವೆರಡನ್ನೂ ನೋಡದೆ 2017ರದ್ದಕ್ಕೆ ಹೋದರೆ ತಲೆಬುಡ ತಿಳಿಯುವುದಿಲ್ಲ. ನೋಡಿದರೂ ಪೂರ್ತಿ ತಿಳಿಯುವುದಿಲ್ಲ, ಅದು ಬೇರೆ ಮಾತು.