ಒಂದೇ ನಂಬರಿನಲ್ಲಿ ಎರಡು ಸಂಸಾರ: ಶಿಕ್ಷಕರ ವಾಟ್ಸಾಪ್

[ತೆರೆಯಲ್ಲಿ: ಮದುವೆ ಮನೆಯ ಸ್ಟೇಟಸ್]

ಮುಂಬೈ ಬಳಿಯ ಡೊಂಬಿವಲಿಯ ಮದುವೆಯಲ್ಲಿ ಕುಣಿದದ್ದು ರಾತ್ರಿ ಸ್ಟೇಟಸ್‌ಗೆ ಹೋಯಿತು. ಬೆಳಿಗ್ಗೆ ಮಾಟುಂಗದ ತರಗತಿಯಲ್ಲಿ ಐದನೇ ಇಯತ್ತೆಯ ಹುಡುಗ ಕೇಳುತ್ತಾನೆ: "ಟೀಚರ್, ಆ ಡ್ಯಾನ್ಸ್ ನಮಗೂ ಕಲಿಸ್ತೀರಾ?"

ಅವನಿಗೆ ಸಿಕ್ಕಿದ್ದು ಹೇಗೆ? ಪಾಲಕರ ನಂಬರ್ ನೀವು ಸೇವ್ ಮಾಡಿದ್ದೀರಿ, ನಿಮ್ಮದನ್ನು ಅವರು. ಅಷ್ಟು ಸಾಕು. ಅಮ್ಮನ ಫೋನ್ ಸಂಜೆ ಯಾರ ಕೈಯಲ್ಲಿರುತ್ತದೆ ಅಂತ ಬೇರೆ ಹೇಳಬೇಕೇ?

ಶಾಲೆಗೆಂದೇ ಎರಡನೇ ಸಿಮ್ ತೆಗೆದುಕೊಳ್ಳಿ. ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ, 'ಅವೇ ಮೆಸೇಜ್'ನಲ್ಲಿ (ನೀವಿಲ್ಲದಾಗ ತಾನಾಗಿಯೇ ಹೋಗುವ ಉತ್ತರ) ಬರೆದಿಡಿ: "ಸಂಜೆ 6ರ ನಂತರದ ಮೆಸೇಜ್‌ಗೆ ನಾಳೆ ಉತ್ತರ. ತುರ್ತಿದ್ದರೆ ಶಾಲೆಗೆ ಫೋನ್ ಮಾಡಿ." ರೀಚಾರ್ಜ್ ಮಾತ್ರ ಮರೆಯಬೇಡಿ, ಸಿಮ್ ಬಂದ್ ಆದರೆ ಆ ನಂಬರ್ ಮುಂದೆ ಬೇರೆಯವರ ಪಾಲಾಗಬಹುದು. ಇನ್‌ಸ್ಟಾಗ್ರಾಮ್‌ಗೆ ಈ ನಂಬರ್ ಕೊಡಲೇಬೇಡಿ. ಹೆಸರು ಬದಲಿಸಿಕೊಂಡಿದ್ದರೂ, ಪಾಲಕರ ಕಾಂಟ್ಯಾಕ್ಟ್ ಲಿಸ್ಟ್ ಹಿಡಿದು ಅದು ನಿಮ್ಮ ಖಾತೆಯನ್ನು ಅವರ ಮುಂದಿಡಬಹುದು.

ಪಾಲಕರ ಗ್ರೂಪ್‌ನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿದರೆ ಗುಡ್ ಮಾರ್ನಿಂಗ್ ಹೂಗಳು ನಿಲ್ಲುತ್ತವೆ, ನಿಜ. ಆದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ನಂಬರ್ ಮುಚ್ಚಿಡಲು ವಾಟ್ಸಾಪ್ ಕಮ್ಯುನಿಟಿಯ (ಹಲವು ಗ್ರೂಪ್‌ಗಳನ್ನು ಒಂದೆಡೆ ಸೇರಿಸುವ ವ್ಯವಸ್ಥೆ) ಅನೌನ್ಸ್‌ಮೆಂಟ್ ಗ್ರೂಪ್ ಬೇಕು. ಅಲ್ಲಿ ಅಡ್ಮಿನ್ ನಂಬರ್ ಕಾಣುತ್ತದೆ, ಉಳಿದವರದ್ದು ಅಪರಿಚಿತರಿಗೆ ಕಾಣುವುದಿಲ್ಲ.

[ತೆರೆಯಲ್ಲಿ: ಬಹುಮಾನ ಹಿಡಿದ ಹುಡುಗಿಯ ಚಿತ್ರ, ನಿಧಾನ ಜೂಮ್]

ಈಗ ಫೋಟೊ. ಮುಖದ ಮೇಲೆ ಎಮೋಜಿ ಅಂಟಿಸಿ ಕೈತೊಳೆದುಕೊಳ್ಳುವವರು ಬಹಳ. ಇಲ್ಲಿ ನೋಡಿ: ಕೊರಳಿನ ಐಡಿ ಕಾರ್ಡ್‌ನಲ್ಲಿ ಹೆಸರು, ಸಮವಸ್ತ್ರದ ಜೇಬಿನ ಮೇಲೆ ಶಾಲೆ, ಹಿಂದಿನ ಹಲಗೆಯಲ್ಲಿ ತರಗತಿ, ತುಕಡಿ, ತಾರೀಖು. ಮುಖವೊಂದು ಬಿಟ್ಟು ಎಲ್ಲ ಇದೆ! ಕಾರ್ಡ್ ತೆಗೆಸಿ, ಹಲಗೆ ಒರೆಸಿ, ಆಮೇಲೆ ಕ್ಲಿಕ್ ಮಾಡಿ. ಕ್ಲಿಯರ್ ಬರಲಿ ಎಂದು 'ಡಾಕ್ಯುಮೆಂಟ್' ಆಗಿ ಕಳಿಸಿದರೆ, ತೆಗೆದ ಜಾಗದ ಲೊಕೇಶನ್ ಕೂಡ ಫೈಲ್ ಜೊತೆ ಹೋಗಬಹುದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆ ಪತ್ರ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ. ತರಗತಿ ಗ್ರೂಪ್‌ಗೆ ಒಂದು ಸಹಿ, ಶಾಲೆಯ ಪೇಜ್‌ಗೆ ಬೇರೆ ಸಹಿ. ನಿಮ್ಮ ಸ್ವಂತ ರೀಲ್‌ಗೆ? ಸಹಿ ಇದ್ದರೂ ಬೇಡ ಎನ್ನುತ್ತೇವೆ.

ಪಾಲಿಕೆ ಶಾಲೆಯವರಿಗೆ ಇನ್ನೊಂದು ಮಾತು. 2025ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ನೌಕರರ ಸೋಶಿಯಲ್ ಮೀಡಿಯಾ ಬಳಕೆ ಕುರಿತು ಹೊರಡಿಸಿದ ಜಿ.ಆರ್. (ಸರ್ಕಾರಿ ಆದೇಶ) ಸ್ಥಳೀಯ ಸಂಸ್ಥೆಗಳ ನೌಕರರಿಗೂ ಅನ್ವಯಿಸುತ್ತದೆ. ವೈಯಕ್ತಿಕ ಖಾತೆ, ಕಚೇರಿ ಖಾತೆ ಬೇರೆಬೇರೆ ಇರಬೇಕು. ಸರ್ಕಾರದ ಧೋರಣೆಯನ್ನು ಟೀಕಿಸುವಂತಿಲ್ಲ. ವೈಯಕ್ತಿಕ ಖಾತೆಯ ರೀಲ್‌ನಲ್ಲಿ ಸರ್ಕಾರಿ ಲಾಂಛನ, ಕಟ್ಟಡ ಕಾಣುವಂತಿಲ್ಲ. ಶಾಲೆಯ ಗೇಟಿನೆದುರು ನಿಂತು ತೆಗೆದ ಹಳೆಯ ಸೆಲ್ಫಿಗಳಿದ್ದರೆ, ಈ ಭಾನುವಾರ ಕೂತು ಅಳಿಸಿಬಿಡಿ.