ಸೆಕೆಗೊಂದು ಸೋಡಾ ಕಾಫಿ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಬಂತೆಂದರೆ ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕದ ಅಂಗಡಿಗಳಲ್ಲಿ ಲಿಂಬೆ ಸೋಡಾ, ನನ್ನಾರಿ ಸೋಡಾ ಕೇಳುವವರೇ ಜಾಸ್ತಿ. ಅದೇ ಸೋಡಾಕ್ಕೆ ಕಾಫಿ ಬೆರೆಸಿ ಅಂದರೆ ಮಾತ್ರ ತುಂಬ ಜನ ಮುಖ ಸಿಂಡರಿಸುತ್ತಾರೆ. ಕಾಫಿ ಅಂದರೆ ಹಾಲು ಇರಬೇಕು, ಬಿಸಿ ಇರಬೇಕು, ಅಲ್ವಾ? ಹಾಗೇನಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮ್ಯಾನ್‌ಹ್ಯಾಟನ್ ಸ್ಪೆಷಲ್ ಎಂಬ ಕಾಫಿ ಸೋಡಾ 1895ರಲ್ಲೇ ಶುರುವಾಯಿತು. ನಮ್ಮ ಸೆಕೆಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ.

ಚಿಕೋರಿ ಇಲ್ಲದ ಪುಡಿ ತನ್ನಿ. ಹಾಲಿನ ಕಾಫಿಗೆ ಚಿಕೋರಿ ಸೊಗಸು. ಸೋಡಾದಲ್ಲಿ ಅದರ ಕಹಿಯೇ ಮುಂದೆ ಬರುತ್ತದೆ. ಘಟ್ಟ ಹತ್ತಿದರೆ ಕೊಡಗು. ಅಲ್ಲಿಂದ ತರಿಸುವವರು ಅರೇಬಿಕಾ ತಳಿಯ ಕಾಫಿ ಕೇಳಿ. ತರಿಯಾಗಿ ಪುಡಿ ಮಾಡಿದ 50 ಗ್ರಾಂ ಕಾಫಿಯನ್ನು 400 ಮಿಲಿಲೀಟರ್ ತಣ್ಣೀರಿನಲ್ಲಿ ನೆನೆಸಿ, 12 ಗಂಟೆ ಫ್ರಿಜ್ಜಿನಲ್ಲಿಟ್ಟು, ಬಟ್ಟೆಯಲ್ಲಿ ಸೋಸಿ. ಹೀಗೆ ಇಳಿಸಿದ ಕಾಫಿಯಲ್ಲಿ ಕಹಿ ಕಡಿಮೆ. ಫಿಲ್ಟರ್ ಡಿಕಾಕ್ಷನ್ ಕೂಡ ಆದೀತು, ಆದರೆ ಪೂರ್ತಿ ತಣಿದಿರಬೇಕು.

ಯಾಕೆಂದರೆ ನೀರು ತಣ್ಣಗಿದ್ದಷ್ಟೂ ಗ್ಯಾಸನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಚ್ಚಗಾದರೆ ಬಿಟ್ಟುಬಿಡುತ್ತದೆ. ಸೋಡಾ, ಕಾಫಿ, ಗ್ಲಾಸು ಮೂರನ್ನೂ ಫ್ರಿಜ್ಜಿನಲ್ಲಿಡಿ. ಗ್ಲಾಸಿಗೆ ಮೊದಲು ಐಸು, ಆಮೇಲೆ 150 ಮಿಲಿಲೀಟರ್ ಸೋಡಾ. ಕೊನೆಗೆ 50 ಮಿಲಿಲೀಟರ್ ಕಾಫಿಯನ್ನು ಚಮಚದ ಬೆನ್ನಿನ ಮೇಲೆ ನಿಧಾನವಾಗಿ ಇಳಿಸಿ. ಅವಸರ ಮಾಡಿದರೆ ನೊರೆ ಉಕ್ಕಿ ಮೇಜಿನ ಮೇಲೆ ಹರಿಯುತ್ತದೆ. ಮನೆಯಲ್ಲಿ ಸೋಡಾ ಮೆಷಿನ್ ಇರುವವರು ಅದಕ್ಕೆ ಬರೀ ನೀರು ಹಾಕಿ, ಕಾಫಿ ಬೇಡ.

ಸಕ್ಕರೆಯನ್ನೂ ಸುಮ್ನೆ ಉದುರಿಸಬೇಡಿ. ಹರಳಿನ ಒರಟು ಮೈಯಲ್ಲಿ ಗುಳ್ಳೆಗಳು ಹುಟ್ಟಿ ಗ್ಯಾಸೆಲ್ಲ ಹಾರಿಹೋಗುತ್ತದೆ; ಇಷ್ಟಾಗಿಯೂ ತಣ್ಣನೆಯದರಲ್ಲಿ ಸಕ್ಕರೆ ಬೇಗ ಕರಗುವುದಿಲ್ಲ. ಸಮ ಅಳತೆಯ ಸಕ್ಕರೆ, ನೀರು ಕಾಯಿಸಿ ಪಾಕ ಮಾಡಿ, ಚಿಟಿಕೆ ಉಪ್ಪನ್ನು ಅದರಲ್ಲೇ ಕರಗಿಸಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಈ ಪಾಕ ಸೋಡಾಕ್ಕಿಂತ ಮೊದಲು ಗ್ಲಾಸಿಗೆ ಬೀಳಬೇಕು.

ಇನ್ನು ರುಚಿ ನಿಮ್ಮಿಷ್ಟ. ಜಜ್ಜಿದ ಶುಂಠಿ ಹಾಕಿ ಪಾಕ ಕುದಿಸಬಹುದು, ಬೆಲ್ಲದಲ್ಲೂ ಮಾಡಬಹುದು. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಪುನರ್ಪುಳಿ, ಅಂದರೆ ಕೋಕಂ. ಒಣಗಿಸಿದ ಸಿಪ್ಪೆಯನ್ನು ನೆನೆಸಿ ಕಿವುಚಿ, ಒಂದು ಚಮಚ ಕೆಂಪು ರಸವನ್ನು ಪಾಕಕ್ಕೆ ಸೇರಿಸಿ. ಅದರ ಹುಳಿ ಅರೇಬಿಕಾದ ಹಣ್ಣಿನಂಥ ರುಚಿಯನ್ನು ಎಬ್ಬಿಸುತ್ತದೆ. ಲಿಂಬೆಯೋ ಪುನರ್ಪುಳಿಯೋ ಹಾಕಿದ ಮೇಲೆ ಹಾಲು ಮಾತ್ರ ಬೇಡ, ಒಡೆಯುತ್ತದೆ.

ಕಾಫಿ ಉಳಿದರೆ ಐಸ್ ಟ್ರೇಗೆ ಹೊಯ್ದಿಡಿ. ಮರುದಿನ ಆ ಐಸನ್ನೇ ಹಾಕಿದರೆ, ಕರಗಿದರೂ ಕಾಫಿ ನೀರಾಗುವುದಿಲ್ಲ.

ನಮಸ್ಕಾರ.